ಪೋಸ್ಟ್‌ಡಾಕ್ ಹುಡುಕುವುದು ಹೇಗೆ: ಜಾಹೀರಾತಿಗಿಂತ ಮೊದಲು ಲ್ಯಾಬ್ ಹುಡುಕಿ

ಥೀಸಿಸ್ ಬರೆಯುವುದನ್ನು ಹೇಳಿಕೊಡುತ್ತಾರೆ. ಪೇಪರ್ ತಿದ್ದಿಕೊಡುತ್ತಾರೆ. ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿದ ಮೇಲೆ ಕೆಲವು ವರ್ಷ ಮಾಡುವ ಸಂಶೋಧನೆಯ ಕೆಲಸ, ಹುಡುಕುವುದು ಹೇಗೆ ಅಂತ ಮಾತ್ರ ಯಾರೂ ಕೂತು ಹೇಳಿಕೊಡುವುದಿಲ್ಲ, ಸೀನಿಯರ್‌ಗಳ ಮಾತಿನ ನಡುವೆ ಕಿವಿಗೆ ಬಿದ್ದಷ್ಟೇ ನಮಗೆ ಗೊತ್ತಿರುವುದು. ನಾನು ಇದನ್ನು ತಡವಾಗಿ ಕಲಿತೆ. ಥೀಸಿಸ್ ಕೊಟ್ಟ ಮೇಲೆ ಹುಡುಕಲು ಶುರು ಮಾಡಿದೆ, ಕಂಡ ಜಾಹೀರಾತಿಗೆಲ್ಲ ಅದೇ ಸಿವಿ, ಅದೇ ಪತ್ರ ಕಳಿಸಿದೆ, ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ಕೊನೆಗೆ ಕೆಲಸ ಸಿಕ್ಕಿದ್ದು ಜಾಹೀರಾತೇ ಹಾಕದ ಒಂದು ಲ್ಯಾಬಿನಲ್ಲಿ. ಅವರ ಎರಡು ಪೇಪರ್ ಸರಿಯಾಗಿ ಓದಿ ಬರೆದ ಒಂದು ಇಮೇಲ್‌ನಿಂದ.

ಅದಕ್ಕೇ ಮೊದಲ ಮಾತು ಇದು. ಖಾಲಿ ಹುದ್ದೆ ಎಲ್ಲಿದೆ ಅಂತ ಹುಡುಕಲು ಹೋಗಬೇಡಿ. ಮುಂದಿನ ಎರಡು ಮೂರು ವರ್ಷ ಯಾವ ಪ್ರಶ್ನೆ ಹಿಡಿದು ಕೂರಬೇಕು, ಯಾರ ಜೊತೆ ಕೂರಬೇಕು ಅನ್ನುವುದನ್ನು ಮೊದಲು ಹುಡುಕಿ. ಆಮೇಲೆ ಹುದ್ದೆಗೆ ದಾರಿ ಮಾಡಿಕೊಳ್ಳಬಹುದು.

ಸಂಬಳ ಯಾರ ಕೈಯಲ್ಲಿದೆ

ಪೋಸ್ಟ್‌ಡಾಕ್‌ಗೆ ದುಡ್ಡು ಬರುವುದು ಮೂರು ಕಡೆಯಿಂದ. ಒಂದು, ಪ್ರೊಫೆಸರ್ ತಂದಿರುವ ಗ್ರ್ಯಾಂಟ್, ಅಂದರೆ ಅವರ ಸಂಶೋಧನೆಗೆ ಸಿಕ್ಕ ಅನುದಾನ. ಇದರಲ್ಲಿ ಪ್ರಾಜೆಕ್ಟ್ ಏನು ಅಂತ ಮೊದಲೇ ಬರೆದಾಗಿರುತ್ತದೆ, ಆ ಕೆಲಸ ಬಲ್ಲವರು ಅವರಿಗೆ ಬೇಕು. ಎರಡು, ನಿಮ್ಮ ಹೆಸರಿಗೇ ಬರುವ ಫೆಲೋಶಿಪ್. ಇಲ್ಲಿ ಪ್ರಾಜೆಕ್ಟ್ ನೀವೇ ಬರೆಯುತ್ತೀರಿ, ಲ್ಯಾಬ್ ಜಾಗ ಕೊಡುತ್ತದೆ. ಮೂರು, ವಿಭಾಗವೋ ಸಂಸ್ಥೆಯೋ ತಾನೇ ಕೊಡುವ ಹುದ್ದೆ. ಗಣಿತದಲ್ಲಿ ಇದು ಜಾಸ್ತಿ, ಅದರ ಜೊತೆ ಪಾಠ ಮಾಡುವ ಜವಾಬ್ದಾರಿಯೂ ಬರುವುದುಂಟು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ತೀರ್ಮಾನ ಮಾಡುವವರು ಬೇರೆ ಬೇರೆ. ಗ್ರ್ಯಾಂಟ್ ಆದರೆ ಬಹುಪಾಲು ಒಬ್ಬರೇ ತೀರ್ಮಾನ ಮಾಡುತ್ತಾರೆ, ವರ್ಷದ ಯಾವ ತಿಂಗಳಲ್ಲಾದರೂ, ಕೆಲವೊಮ್ಮೆ ಎರಡೇ ವಾರದಲ್ಲಿ. ಫೆಲೋಶಿಪ್ ಆದರೆ ನಿಮ್ಮನ್ನು ಎಂದೂ ನೋಡಿರದ ಒಂದು ಸಮಿತಿ ಅರ್ಜಿ ಓದುತ್ತದೆ, ದಿನಾಂಕ ಒಂದು ಗಂಟೆ ತಪ್ಪಿದರೂ ಮುಗಿಯಿತು. ಒಬ್ಬರಿಗೆ ಬರೆಯುವ ರೀತಿಯಲ್ಲಿ ಇನ್ನೊಬ್ಬರಿಗೆ ಬರೆದರೆ ಕೆಲಸ ಆಗುವುದಿಲ್ಲ.

ಎಷ್ಟು ಮೊದಲು ಶುರು ಮಾಡಬೇಕು

ಥೀಸಿಸ್ ಕೊಡುವ ದಿನದಿಂದ ಹಿಂದಕ್ಕೆ ಒಂದು ವರ್ಷ. ಫೆಲೋಶಿಪ್ ಬೇಕು ಅಂದರೆ ಒಂದೂವರೆ ವರ್ಷ. ಇದು ಅತಿ ಅನ್ನಿಸಬಹುದು, ಒಂದು ಲೆಕ್ಕ ನೋಡಿ. ಯೂರೋಪಿನ ಮೇರಿ ಸ್ಕ್ಲೋಡೋವ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಮುಗಿಯುತ್ತದೆ. ಫಲಿತಾಂಶ ಬರುವುದು ಮುಂದಿನ ವರ್ಷ ಫೆಬ್ರವರಿ ಸುಮಾರಿಗೆ. ಅಲ್ಲಿಂದ ಒಪ್ಪಂದ, ವೀಸಾ, ಅದಕ್ಕೆ ಮತ್ತೆ ಕೆಲವು ತಿಂಗಳು. ಇನ್ನು ಅರ್ಜಿಗೆ ಮೊದಲು ನೋಡಿದರೆ, ಅದನ್ನು ಆ ಲ್ಯಾಬಿನವರ ಜೊತೆ ಕೂತು ಬರೆಯಲು ಎರಡು ಮೂರು ತಿಂಗಳು ಬೇಕು, ಅವರನ್ನು ಒಪ್ಪಿಸಲು ಅದಕ್ಕೂ ಮೊದಲು ಟೈಮ್ ಬೇಕು. ಅಂದರೆ ಮೊದಲ ಇಮೇಲ್ ಫೆಬ್ರವರಿ ಮಾರ್ಚ್‌ನಲ್ಲೇ ಹೋಗಿರಬೇಕು. ಜುಲೈನಲ್ಲಿ ಬರೆದರೆ ಒಳ್ಳೆಯ ಲ್ಯಾಬಿನವರು ಆಗಲೇ ಬೇರೆ ಯಾರಿಗೋ ಹೂಂ ಅಂದಿರುತ್ತಾರೆ.

ಗಣಿತ, ಖಗೋಳವಿಜ್ಞಾನದಂಥ ಕೆಲವು ವಿಷಯಗಳಲ್ಲಿ ಇದಕ್ಕೊಂದು ಸೀಸನ್ನೇ ಇದೆ. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಅರ್ಜಿ, ಹೊಸ ವರ್ಷದ ಮೊದಲ ಎರಡು ತಿಂಗಳಲ್ಲಿ ಆಫರ್, ಸೇರುವುದು ಆಗಸ್ಟ್ ಸೆಪ್ಟೆಂಬರ್. ಅಮೆರಿಕನ್ ಆಸ್ಟ್ರನಾಮಿಕಲ್ ಸೊಸೈಟಿಯ ಒಂದು ನಿಯಮ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಪೋಸ್ಟ್‌ಡಾಕ್ ಆಫರ್‌ಗೆ ಫೆಬ್ರವರಿ 15 ರ ಒಳಗೆ ಉತ್ತರ ಕೊಡಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡಬಾರದು ಅನ್ನುತ್ತದೆ ಅದು. ಎಲ್ಲ ಕಡೆಯ ಉತ್ತರ ನೋಡಿ ತೀರ್ಮಾನ ಮಾಡಲು ಜಾಗ ಸಿಗಲಿ ಅಂತ. ನಿಮ್ಮ ವಿಷಯದಲ್ಲಿ ಇಂಥ ಪದ್ಧತಿ ಇದೆಯಾ ಅಂತ ಈಗಷ್ಟೇ ಪೋಸ್ಟ್‌ಡಾಕ್ ಸೇರಿದ ಸೀನಿಯರ್ ಒಬ್ಬರನ್ನು ಕೇಳಿ. ಗೈಡ್ ಪೋಸ್ಟ್‌ಡಾಕ್ ಹುಡುಕಿ ಇಪ್ಪತ್ತು ವರ್ಷ ಆಗಿರಬಹುದು, ಸೀನಿಯರ್‌ಗೆ ಕಳೆದ ವರ್ಷದ್ದು ಗೊತ್ತಿರುತ್ತದೆ.

ದುಡ್ಡು ಬಂದ ಲ್ಯಾಬ್ ಕಂಡುಹಿಡಿಯುವುದು

ಈ ಭಾಗವನ್ನು ನಿಧಾನವಾಗಿ ಓದಿ, ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಜಾಹೀರಾತು ಬರುವುದು ಕೊನೆಯಲ್ಲಿ. ಮೊದಲು ಗ್ರ್ಯಾಂಟ್ ಬರುತ್ತದೆ. ಗ್ರ್ಯಾಂಟ್ ಬಂದ ದಿನ ಆ ಪ್ರೊಫೆಸರ್ ಯೋಚನೆ ಮಾಡುವುದು, ಈ ಕೆಲಸಕ್ಕೆ ಯಾರು ಸಿಗುತ್ತಾರೆ ಅಂತ. ಆಮೇಲೆ ಪರಿಚಯದವರನ್ನು ಕೇಳುತ್ತಾರೆ, ಆಮೇಲೆ ಇನ್‌ಬಾಕ್ಸ್ ನೋಡುತ್ತಾರೆ, ವಿಶ್ವವಿದ್ಯಾಲಯದ ಕಚೇರಿ ಜಾಹೀರಾತು ತಯಾರು ಮಾಡುವ ಹೊತ್ತಿಗೆ ಹಲವು ಸಲ ಮನಸ್ಸಿನಲ್ಲಿ ಒಂದು ಹೆಸರು ಕೂತಿರುತ್ತದೆ. ಆ ನಡುವಿನ ಕೆಲವು ವಾರಗಳಲ್ಲಿ ನಿಮ್ಮ ಇಮೇಲ್ ಅಲ್ಲಿರಬೇಕು.

ಯಾರಿಗೆ ಗ್ರ್ಯಾಂಟ್ ಬಂತು ಅನ್ನುವುದು ಗುಟ್ಟಲ್ಲ. ಸರ್ಕಾರದ ದುಡ್ಡು, ಹಾಗಾಗಿ ಲೆಕ್ಕ ಬಹಿರಂಗವಾಗಿಯೇ ಇರುತ್ತದೆ, ದೇಶಕ್ಕೊಂದು ಆನ್‌ಲೈನ್ ಪಟ್ಟಿಯಲ್ಲಿ ಹುಡುಕಬಹುದು. ಅಮೆರಿಕದಲ್ಲಿ ವೈದ್ಯಕೀಯ ಮತ್ತು ಜೀವವಿಜ್ಞಾನಕ್ಕೆ ಎನ್‌ಐಎಚ್ ರಿಪೋರ್ಟರ್, ಬೇರೆ ವಿಜ್ಞಾನಗಳಿಗೆ ಎನ್‌ಎಸ್‌ಎಫ್ ಅವಾರ್ಡ್ ಸರ್ಚ್. ಬ್ರಿಟನ್ನಿಗೆ ಗೇಟ್‌ವೇ ಟು ರಿಸರ್ಚ್. ಯೂರೋಪಿಯನ್ ಯೂನಿಯನ್ನಿಗೆ ಕಾರ್ಡಿಸ್. ಜರ್ಮನಿಯಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಸಂಸ್ಥೆ ಡಿಎಫ್‌ಜಿಯ ಗ್ರ್ಯಾಂಟ್‌ಗಳಿಗೆ ಗೆಪ್ರಿಸ್. ಜಪಾನಿಗೆ ಕಾಕೆನ್. ಇವೆಲ್ಲ ಉಚಿತ. ನಿಮ್ಮ ವಿಷಯದ ನಾಲ್ಕೈದು ಪದ ಹಾಕಿ, ಕಳೆದ ಒಂದು ವರ್ಷದಲ್ಲಿ ಶುರುವಾದ ಪ್ರಾಜೆಕ್ಟ್ ಮಾತ್ರ ತೋರಿಸು ಅಂತ ಸೋಸಿ ನೋಡಿ. ಹೆಸರು, ವಿಶ್ವವಿದ್ಯಾಲಯ, ಪ್ರಾಜೆಕ್ಟಿನ ಸಾರಾಂಶ, ಯಾವತ್ತು ಮುಗಿಯುತ್ತದೆ, ಹಲವು ಕಡೆ ಎಷ್ಟು ದುಡ್ಡು ಅನ್ನುವುದೂ ಸಿಗುತ್ತದೆ. ಐದು ವರ್ಷದ ಗ್ರ್ಯಾಂಟಿನಲ್ಲಿ ಇನ್ನು ಎಂಟು ತಿಂಗಳು ಉಳಿದಿದ್ದರೆ ಅಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ಕಷ್ಟ ಅಂತ ಅದನ್ನು ನೋಡಿಯೇ ಗೊತ್ತಾಗುತ್ತದೆ.

ಯೂರೋಪಿಯನ್ ರಿಸರ್ಚ್ ಕೌನ್ಸಿಲ್‌ನ ಸ್ಟಾರ್ಟಿಂಗ್ ಗ್ರ್ಯಾಂಟ್ ಸಿಕ್ಕವರ ಪಟ್ಟಿಯನ್ನು ಪ್ರತಿವರ್ಷ ತಪ್ಪದೆ ನೋಡಿ, ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಐದು ವರ್ಷಕ್ಕೆ 15 ಲಕ್ಷ ಯೂರೋವರೆಗೆ ಸಿಗುವ ಗ್ರ್ಯಾಂಟ್ ಅದು. ಸಿಕ್ಕವರು ಹೊಸದಾಗಿ ತಂಡ ಕಟ್ಟಬೇಕಾದವರು, ಅವರಿಗೆ ಜನ ಬೇಕೇ ಬೇಕು. ಹೊಸ ಲ್ಯಾಬಿಗೆ ಸೇರುವುದರಲ್ಲಿ ಅಪಾಯ ಇಲ್ಲ ಅಂತಲ್ಲ. ಆದರೆ ಹೊಸಬರು ನಿಮ್ಮ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಾರೆ, ನಿಮ್ಮ ಪೇಪರ್ ಬರುವುದು ಅವರಿಗೂ ಅಷ್ಟೇ ಮುಖ್ಯ. ಮೂವತ್ತು ಜನರ ದೊಡ್ಡ ಲ್ಯಾಬಿನಲ್ಲಿ ಹೆಸರು ಸಿಗುತ್ತದೆ, ತಿಂಗಳಿಗೊಮ್ಮೆ ಮಾತಾಡಲು ಸಿಕ್ಕರೆ ಪುಣ್ಯ. ಯಾವುದು ನಿಮಗೆ ಸರಿ ಅನ್ನುವುದು ನೀವು ಎಷ್ಟು ಒಂಟಿಯಾಗಿ ಕೆಲಸ ಮಾಡಬಲ್ಲಿರಿ ಅನ್ನುವುದರ ಮೇಲೆ ಹೋಗುತ್ತದೆ.

ಹಾಗಂತ ಜಾಹೀರಾತು ನೋಡಲೇಬೇಡಿ ಅಂತಲ್ಲ. ಯೂರೋಪಿಗೆ ಯೂರಾಕ್ಸೆಸ್, ಬ್ರಿಟನ್ನಿಗೆ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ, ಗಣಿತಕ್ಕೆ ಮ್ಯಾಥ್‌ಜಾಬ್ಸ್, ಖಗೋಳಕ್ಕೆ ಅಮೆರಿಕನ್ ಆಸ್ಟ್ರನಾಮಿಕಲ್ ಸೊಸೈಟಿಯ (ಎಎಎಸ್) ಜಾಬ್ ರಿಜಿಸ್ಟರ್, ಕಣಭೌತವಿಜ್ಞಾನಕ್ಕೆ ಇನ್‌ಸ್ಪೈರ್, ಇತಿಹಾಸ ಸಮಾಜವಿಜ್ಞಾನದವರಿಗೆ ಎಚ್-ನೆಟ್, ಇದಲ್ಲದೆ ನೇಚರ್ ಮತ್ತು ಸೈನ್ಸ್ ಪತ್ರಿಕೆಗಳ ಕೆರಿಯರ್ ಪುಟಗಳು. ನಿಮ್ಮ ವಿಷಯದ ಎರಡು ಮೂರಕ್ಕೆ ಅಲರ್ಟ್ ಹಾಕಿಟ್ಟು ಬಿಟ್ಟುಬಿಡಿ, ದಿನಾ ಕೂತು ನೋಡುವುದರಲ್ಲಿ ಅರ್ಥವಿಲ್ಲ.

ಕಾನ್ಫರೆನ್ಸ್‌ಗಳಲ್ಲಿ ದೊಡ್ಡವುಗಳಿಗಿಂತ ಚಿಕ್ಕವು ಮೇಲು. ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ಗಳಂಥ ಕಡೆ ಒಂದೇ ವಿಷಯದ ಜನ ಐದು ದಿನ ಒಂದೇ ಜಾಗದಲ್ಲಿ ಇರುತ್ತಾರೆ, ಊಟದ ಮೇಜಿನಲ್ಲೇ ಮಾತು ಬೆಳೆಯುತ್ತದೆ. ಹೋಗುವ ಮೊದಲೇ ನಾಲ್ಕು ಜನರಿಗೆ ಬರೆದಿಡಿ, ನನ್ನ ಪೋಸ್ಟರ್ ಈ ದಿನ ಇದೆ, ಹತ್ತು ನಿಮಿಷ ಸಿಗಬಹುದಾ ಅಂತ. ಹಾಗೆ ಕೇಳಿದರೆ ಬಹಳ ಜನ ಬರುತ್ತಾರೆ.

ಆ ಮೊದಲ ಇಮೇಲ್

ಹತ್ತರಿಂದ ಹದಿನೈದು ಹೆಸರಿನ ಪಟ್ಟಿ ಸಾಕು. ನೂರು ಬೇಡ. ಒಂದೊಂದು ಹೆಸರಿಗೂ ಒಂದು ಪೂರ್ತಿ ದಿನ ಕೊಡಿ. ಅವರ ಈಚಿನ ಎರಡು ಪೇಪರ್ ಓದಿ, ಸಾರಾಂಶ ಮಾತ್ರ ಅಲ್ಲ, ಕೊನೆಯ ಚರ್ಚೆಯ ಭಾಗವನ್ನೂ ಓದಿ. ಮುಂದೆ ಏನು ಮಾಡಬೇಕಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಅಂತ ಅವರೇ ಅಲ್ಲಿ ಬರೆದಿರುತ್ತಾರೆ. ಅವರಿಗೆ ಇಲ್ಲದ, ನಿಮ್ಮ ಹತ್ತಿರ ಇರುವ ಒಂದು ವಿದ್ಯೆ ಆ ಜಾಗಕ್ಕೆ ಹೊಂದುತ್ತದಾ? ಹೊಂದಿದರೆ ಇಮೇಲ್ ಬರೆಯುವುದು ಸುಲಭ. ಹೊಂದದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯಿರಿ, ಎಷ್ಟೇ ದೊಡ್ಡ ಹೆಸರಾದರೂ.

ಒಂದು ಉದಾಹರಣೆ ಕೊಡುತ್ತೇನೆ. ನೀವು ಪಿಎಚ್‌ಡಿಯಲ್ಲಿ ಗಿಡದ ಬೇರುಗಳ ಚಿತ್ರಗಳನ್ನು ಕಂಪ್ಯೂಟರ್‌ನಿಂದ ಅಳೆಯುವ ವಿಧಾನ ಮಾಡಿದ್ದೀರಿ ಅಂದುಕೊಳ್ಳಿ. ಬರ ಬಂದಾಗ ಬೇರು ಹೇಗೆ ಬೆಳೆಯುತ್ತದೆ ಅಂತ ನೋಡುವ ಒಂದು ಲ್ಯಾಬ್ ಇದೆ, ಅವರ ಪೇಪರಿನಲ್ಲಿ ಬೇರುಗಳನ್ನು ಕೈಯಿಂದ ಎಣಿಸಿದ್ದಾರೆ, ಅದರಿಂದ ಸ್ಯಾಂಪಲ್ ಕಡಿಮೆ ಆಗಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆಗ ನಿಮ್ಮ ಇಮೇಲ್ ಹೀಗಿರಬಹುದು.

"ನಾನು ಇಂಥ ಕಡೆ ಪಿಎಚ್‌ಡಿ ಕೊನೆಯ ವರ್ಷದಲ್ಲಿದ್ದೇನೆ, ಜೂನ್‌ನಲ್ಲಿ ಥೀಸಿಸ್ ಕೊಡುತ್ತೇನೆ. ಮಣ್ಣಿನೊಳಗಿನ ಬೇರುಗಳ ಚಿತ್ರಗಳನ್ನು ತಾನಾಗಿಯೇ ಅಳೆಯುವ ವಿಧಾನವೊಂದನ್ನು ಕಟ್ಟಿದ್ದೇನೆ, ಪೇಪರ್ ಬಯೋಆರ್ಕೈವ್‌ನಲ್ಲಿದೆ. ನಿಮ್ಮ ಕಳೆದ ವರ್ಷದ ಪೇಪರಿನಲ್ಲಿ ಕೈಯೆಣಿಕೆಯಿಂದಾಗಿ ಮೂರೇ ತಳಿಗಳನ್ನು ಹೋಲಿಸಿದ್ದೀರಿ. ಈ ವಿಧಾನದಿಂದ ಅದನ್ನು ಹತ್ತಾರು ತಳಿಗಳಿಗೆ ಬೆಳೆಸಬಹುದು, ಆಗ ಆಳಕ್ಕೆ ಇಳಿಯುವ ಬೇರು ಎಲ್ಲ ತಳಿಗಳಲ್ಲೂ ಒಂದೇ ಕಾರಣಕ್ಕೆ ಇಳಿಯುತ್ತದಾ ಅಂತ ನೋಡಬಹುದು ಅನ್ನಿಸುತ್ತದೆ. ಮುಂದಿನ ವರ್ಷ ನಿಮ್ಮ ಲ್ಯಾಬಿನಲ್ಲಿ ಪೋಸ್ಟ್‌ಡಾಕ್‌ಗೆ ಅವಕಾಶ ಇದೆಯಾ, ಅಥವಾ ಫೆಲೋಶಿಪ್‌ಗೆ ಜೊತೆಯಾಗಿ ಅರ್ಜಿ ಹಾಕಲು ನಿಮಗೆ ಆಸಕ್ತಿ ಇದೆಯಾ? ಸಿವಿ ಜೊತೆಗಿದೆ. ಅರ್ಧ ಗಂಟೆ ಮಾತಾಡಲು ಸಿಕ್ಕರೆ ಸಂತೋಷ."

ಇಷ್ಟೇ. ನೀವು ಯಾರು, ಏನು ಬಲ್ಲಿರಿ, ಅವರ ಕೆಲಸಕ್ಕೆ ಅದು ಎಲ್ಲಿ ಸೇರುತ್ತದೆ, ಏನು ಕೇಳುತ್ತಿದ್ದೀರಿ, ಯಾವಾಗಿನಿಂದ ಬರಬಲ್ಲಿರಿ. ಫೋನಿನ ಪರದೆಯಲ್ಲಿ ಒಂದೂವರೆ ಸಲ ಸರಿಸಿದರೆ ಮುಗಿಯಬೇಕು. "ನಿಮ್ಮ ಅದ್ಭುತ ಸಂಶೋಧನೆಯಿಂದ ಪ್ರಭಾವಿತನಾಗಿ" ಅಂತ ಶುರು ಮಾಡಬೇಡಿ, ಅದು ಯಾರಿಗೆ ಬೇಕಾದರೂ ಕಳಿಸಬಹುದಾದ ಸಾಲು ಅಂತ ಓದಿದ ತಕ್ಷಣ ಗೊತ್ತಾಗುತ್ತದೆ. ಹೆಸರಿನ ಕಾಗುಣಿತ ಮೂರು ಸಲ ನೋಡಿ. ಸಬ್ಜೆಕ್ಟ್ ಸಾಲಿನಲ್ಲಿ ಬರೀ ಪೋಸ್ಟ್‌ಡಾಕ್ ವಿಚಾರಣೆ ಅಂತ ಹಾಕದೆ ವಿಷಯವನ್ನೂ ಹಾಕಿ. ಸಿವಿ ಒಂದೇ ಪಿಡಿಎಫ್ ಆಗಿರಲಿ, ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರು ಇರಲಿ, ಪೇಪರ್‌ಗಳ ಪಟ್ಟಿ ಮೊದಲ ಪುಟದಲ್ಲೇ ಕಾಣಲಿ.

ಇಂಗ್ಲಿಷ್ ಬಗ್ಗೆ ಅಂಜಿಕೆ ಇದ್ದರೆ ಒಂದು ಮಾತು. ಸಣ್ಣ ವಾಕ್ಯ ಬರೆಯಿರಿ, ಗೆಳೆಯರೊಬ್ಬರಿಗೆ ಓದಲು ಕೊಡಿ, ಸಾಕು. ಅಲಂಕಾರದ ಇಂಗ್ಲಿಷ್ ಯಾರೂ ಕೇಳುವುದಿಲ್ಲ. ಆದರೆ ಎಐಯಿಂದ ಪೂರ್ತಿ ಪತ್ರ ಬರೆಸಿ ಕಳಿಸಬೇಡಿ, ಒಂದೇ ಥರದ ಪತ್ರಗಳು ದಿನಾ ಬರುತ್ತಿರುವಾಗ ನಿಮ್ಮದು ಅವುಗಳಲ್ಲೊಂದಾಗಿ ಹೋಗುತ್ತದೆ.

ಉತ್ತರ ಬರದಿದ್ದರೆ? ಹತ್ತು ದಿನದಿಂದ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಎರಡೇ ಸಾಲು. ಆಗಲೂ ಬರದಿದ್ದರೆ ಮುಂದಕ್ಕೆ ಹೋಗಿ. ಇಲ್ಲ ಅಂತ ಬಂದರೂ ಒಂದು ಪ್ರಶ್ನೆ ಕೇಳಬಹುದು: ಈ ಕೆಲಸಕ್ಕೆ ಜನ ಹುಡುಕುತ್ತಿರುವವರು ಯಾರಾದರೂ ನಿಮಗೆ ಗೊತ್ತಾ? ಹೀಗೆ ಕೇಳಿಯೇ ಕೆಲಸ ಸಿಕ್ಕವರನ್ನು ನಾನು ನೋಡಿದ್ದೇನೆ. ಉತ್ತರ ಬಾರದೆ ಇರುವುದು ನಿಮ್ಮ ಬೆಲೆಯ ಲೆಕ್ಕ ಅಲ್ಲ. ಗ್ರ್ಯಾಂಟ್ ಕೆಲಸ, ಪಾಠ, ಪ್ರಯಾಣ, ಎಷ್ಟೋ ಇಮೇಲ್‌ಗಳು ಸುಮ್ನೆ ಕೆಳಗೆ ಹೋಗಿಬಿಡುತ್ತವೆ. ಆ ತಿಂಗಳುಗಳು ಭಾರ ಅನ್ನಿಸುತ್ತವೆ, ನಾನೂ ಹಾದು ಬಂದಿದ್ದೇನೆ. ಜೊತೆಯಲ್ಲಿ ಹುಡುಕುತ್ತಿರುವ ಇಬ್ಬರು ಮೂವರು ವಾರಕ್ಕೊಮ್ಮೆ ಕೂತು ಪರಸ್ಪರರ ಪತ್ರ ಓದಿಕೊಂಡರೆ ಭಾರವೂ ಕಡಿಮೆ, ಪತ್ರವೂ ಸುಧಾರಿಸುತ್ತದೆ.

ಫೆಲೋಶಿಪ್ ದಾರಿ

ಇಲ್ಲಿ ಎಲ್ಲದಕ್ಕಿಂತ ಮೊದಲು ನೋಡಬೇಕಾದ್ದು ಅರ್ಹತೆ, ಅದರಲ್ಲೂ ಪಿಎಚ್‌ಡಿ ಆಗಿ ಎಷ್ಟು ವರ್ಷ ಅನ್ನುವುದು. ಜರ್ಮನಿಯ ಹುಂಬೋಲ್ಟ್ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ಮುಗಿದು ನಾಲ್ಕು ವರ್ಷದ ಒಳಗಿರಬೇಕು, 6 ರಿಂದ 24 ತಿಂಗಳವರೆಗೆ ಸಿಗುತ್ತದೆ, ವರ್ಷಪೂರ್ತಿ ಅರ್ಜಿ ಹಾಕಬಹುದು. ಜಪಾನಿನ ವಿಜ್ಞಾನ ಉತ್ತೇಜನ ಸಂಸ್ಥೆ ಜೆಎಸ್‌ಪಿಎಸ್ ಕೊಡುವ ಫೆಲೋಶಿಪ್‌ಗೆ ಆರು ವರ್ಷದ ಒಳಗೆ, 12 ರಿಂದ 24 ತಿಂಗಳು. ಮೇರಿ ಕ್ಯೂರಿಗೆ ಎಂಟು ವರ್ಷದ ಮಿತಿ, ಜೊತೆಗೆ ಒಂದು ಓಡಾಟದ ನಿಯಮ ಇದೆ: ಅರ್ಜಿಯ ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಪಿಎಚ್‌ಡಿ ಮುಗಿಸಿದ ದೇಶದಲ್ಲೇ ಉಳಿಯಬೇಕು ಅನ್ನುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಜೀವವಿಜ್ಞಾನಕ್ಕಿರುವ ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಫೆಲೋಶಿಪ್ ಮೂರು ವರ್ಷದ್ದು. ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ಕಡೆಯಿಂದ ಜೀವವಿಜ್ಞಾನಕ್ಕೆ ಬರುವವರಿಗೆ ಅದರಲ್ಲಿ ಬೇರೆಯೇ ಒಂದು ವಿಭಾಗ ಇದೆ. ಮಾನವಿಕ ವಿಷಯಗಳವರಿಗೆ ಬ್ರಿಟನ್ನಿನಲ್ಲಿ ಬ್ರಿಟಿಷ್ ಅಕಾಡೆಮಿ ಮತ್ತು ಲೆವರ್‌ಹ್ಯೂಮ್, ಎರಡೂ ಮೂರು ವರ್ಷದವು. ನಿಯಮಗಳು ಸುತ್ತಿನಿಂದ ಸುತ್ತಿಗೆ ಬದಲಾಗುತ್ತವೆ, ಹಾಗಾಗಿ ಅರ್ಜಿಯ ವರ್ಷದ ಕೈಪಿಡಿಯನ್ನೇ ಇಳಿಸಿಕೊಂಡು ಓದಿ. ಹೆರಿಗೆ, ಮಗುವಿನ ಪಾಲನೆ, ಕಾಯಿಲೆಯಿಂದ ಬಿಡುವು ತೆಗೆದುಕೊಂಡಿದ್ದರೆ ಆ ಅವಧಿಯನ್ನು ಹಲವು ಕಡೆ ವರ್ಷಗಳ ಲೆಕ್ಕದಿಂದ ಕಳೆಯುತ್ತಾರೆ. ಅವಧಿ ಮೀರಿತು ಅಂತ ನೀವೇ ತೀರ್ಮಾನ ಮಾಡಿ ಬಿಡಬೇಡಿ.

ಪೈಪೋಟಿ ನಿಜಕ್ಕೂ ಜಾಸ್ತಿ. ಮೇರಿ ಕ್ಯೂರಿಯ 2024 ರ ಸುತ್ತಿಗೆ 10,000 ಕ್ಕಿಂತ ಹೆಚ್ಚು ಅರ್ಜಿ ಬಂದವು, ಸಿಕ್ಕಿದ್ದು ಸುಮಾರು 1,700 ಜನರಿಗೆ. ಅಂಕ ಕೊಡುವ ರೀತಿ ಮೊದಲೇ ಪ್ರಕಟವಾಗಿರುತ್ತದೆ: ಸಂಶೋಧನೆಯ ಗುಣಕ್ಕೆ ಶೇ. 50, ಪರಿಣಾಮಕ್ಕೆ ಶೇ. 30, ಹೇಗೆ ನಡೆಸುತ್ತೀರಿ ಅನ್ನುವುದಕ್ಕೆ ಶೇ. 20. ಬಹಳ ಜನ ಹತ್ತು ಪುಟದಲ್ಲಿ ಎಂಟು ಪುಟ ವಿಜ್ಞಾನವನ್ನೇ ಬರೆದು, ಉಳಿದರ್ಧ ಅಂಕಕ್ಕೆ ಎರಡು ಪುಟ ಬಿಡುತ್ತಾರೆ. ಆ ತಪ್ಪು ಮಾಡಬೇಡಿ. ಈ ಮೊದಲು ಅದೇ ಫೆಲೋಶಿಪ್ ಸಿಕ್ಕವರ ಅರ್ಜಿ ಕೇಳಿ ಓದಿ. ಕೇಳಿದರೆ ಕೊಡುವವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ.

ಫೆಲೋಶಿಪ್ ಒಂದನ್ನೇ ನಂಬಿ ಕೂರಬೇಡಿ. ಅರ್ಜಿ ಹಾಕಿದ ಲ್ಯಾಬಿನವರನ್ನೇ ನೇರವಾಗಿ ಕೇಳಿ: ಇದು ಬರದಿದ್ದರೆ ಬೇರೆ ದುಡ್ಡಿನಿಂದ ತೆಗೆದುಕೊಳ್ಳಲು ಆಗುತ್ತದಾ ಅಂತ.

ಶಿಫಾರಸು ಪತ್ರ

ಮೂರು ಜನ ಬೇಕಾಗುತ್ತದೆ. ಗೈಡ್ ಒಬ್ಬರು. ಇನ್ನಿಬ್ಬರು ನಿಮ್ಮ ಕೆಲಸ ಕಣ್ಣಾರೆ ನೋಡಿದವರಾಗಿರಲಿ, ದೊಡ್ಡ ಹೆಸರಿಗಾಗಿ ನಿಮ್ಮನ್ನು ಎರಡು ಸಲ ನೋಡಿದವರನ್ನು ಕೇಳಬೇಡಿ. ಕೇಳುವಾಗ ಹೀಗೆ ಕೇಳಿ: "ನನ್ನ ಬಗ್ಗೆ ಬಲವಾದ ಪತ್ರ ಬರೆಯಲು ನಿಮಗೆ ಆಗುತ್ತದಾ?" ಅವರು ತಡವರಿಸಿದರೆ ಬೇರೆಯವರನ್ನು ನೋಡಿಕೊಳ್ಳಿ. ಕೊನೆಯ ದಿನಕ್ಕೆ ನಾಲ್ಕು ವಾರ ಮೊದಲು ಸಿವಿ, ಅರ್ಜಿಯ ಕರಡು, ಯಾವ ಕಡೆಗೆ ಯಾವ ದಿನಾಂಕ ಅನ್ನುವ ಪಟ್ಟಿ, ನಿಮ್ಮ ಕೆಲಸದಲ್ಲಿ ಅವರು ಹೇಳಬಹುದಾದ ಎರಡು ಮೂರು ಸಂಗತಿ, ಎಲ್ಲ ಒಂದೇ ಇಮೇಲ್‌ನಲ್ಲಿ ಕಳಿಸಿ. ಒಂದು ವಾರ ಇರುವಾಗ ನೆನಪಿಸಿ, ಅದರಲ್ಲಿ ಸಂಕೋಚ ಬೇಡ.

ಗೈಡ್ ಜೊತೆ ಸಂಬಂಧ ಹಳಸಿದ್ದರೆ ಏನು ಮಾಡುವುದು ಅಂತ ಹಲವರು ಒಳಗೊಳಗೇ ಒದ್ದಾಡುತ್ತಾರೆ. ದಾರಿ ಇದೆ. ಡಾಕ್ಟರಲ್ ಸಮಿತಿಯ ಇನ್ನೊಬ್ಬರು, ಜೊತೆಯಲ್ಲಿ ಪೇಪರ್ ಬರೆದ ಬೇರೆ ಲ್ಯಾಬಿನವರು, ಥೀಸಿಸ್ ಪರೀಕ್ಷಕರು ಪತ್ರ ಬರೆಯಬಹುದು. ಗೈಡ್ ಹೆಸರು ಯಾಕಿಲ್ಲ ಅಂತ ಕೇಳಿದರೆ, ಕೆಲಸದ ರೀತಿಯಲ್ಲಿ ಭಿನ್ನಾಭಿಪ್ರಾಯ ಇತ್ತು, ನನ್ನ ಕೆಲಸ ಹತ್ತಿರದಿಂದ ಬಲ್ಲವರು ಇವರು ಅಂತ ಒಂದೇ ಸಾಲಿನಲ್ಲಿ ಹೇಳಿ ನಿಲ್ಲಿಸಿ. ದೂರು ಹೇಳಬೇಡಿ.

ಇಂಟರ್‌ವ್ಯೂ, ಮತ್ತು ನೀವು ಕೇಳಬೇಕಾದ್ದು

ಸಾಮಾನ್ಯವಾಗಿ ಮೊದಲು ಅರ್ಧ ಗಂಟೆಯ ವಿಡಿಯೋ ಮಾತು, ಅದು ಚೆನ್ನಾಗಿ ಹೋದರೆ ನಿಮ್ಮ ಪಿಎಚ್‌ಡಿ ಕೆಲಸದ ಮೇಲೆ ಒಂದು ಭಾಷಣ, ಆಮೇಲೆ ಲ್ಯಾಬಿನ ಒಬ್ಬೊಬ್ಬರ ಜೊತೆ ಮಾತು. ಭಾಷಣದಲ್ಲಿ ಎಲ್ಲವನ್ನೂ ತುರುಕಬೇಡಿ. ಒಂದು ಪ್ರಶ್ನೆ, ಅದಕ್ಕೆ ನೀವು ಹೋದ ದಾರಿ, ಸಿಕ್ಕ ಉತ್ತರ, ಕೊನೆಯ ಐದು ನಿಮಿಷ ಈ ಲ್ಯಾಬಿಗೆ ಬಂದರೆ ಏನು ಮಾಡುತ್ತೀರಿ ಅನ್ನುವುದು. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಅನ್ನಿ, ತಿಳಿಯಬೇಕಾದರೆ ಏನು ಮಾಡುತ್ತೀರಿ ಅಂತ ಹೇಳಿ. ಅವರು ನೋಡುತ್ತಿರುವುದು ಅದನ್ನೇ.

ನೀವೂ ಅವರನ್ನು ಪರೀಕ್ಷೆ ಮಾಡುತ್ತಿದ್ದೀರಿ, ಇದನ್ನು ಮರೆಯಬೇಡಿ. ಎಷ್ಟು ತಿಂಗಳ ದುಡ್ಡು ಕೈಯಲ್ಲಿದೆ? ಒಪ್ಪಂದ ಒಂದು ವರ್ಷದ್ದಾ, ಮುಂದುವರಿಸುವುದು ಯಾವುದರ ಮೇಲೆ ನಿಂತಿದೆ? ಹಿಂದಿನ ಮೂರು ನಾಲ್ಕು ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ? ನಾನು ಹೋಗುವಾಗ ಸಂಶೋಧನೆಯ ಯಾವ ಭಾಗವನ್ನು ಜೊತೆಗೆ ತೆಗೆದುಕೊಂಡು ಹೋಗಬಹುದು? ಈ ಕೊನೆಯದು ಕೇಳಲು ಮುಜುಗರ ಆಗಬಹುದು, ಆದರೆ ಮುಂದೆ ಸ್ವಂತ ಲ್ಯಾಬ್ ಕಟ್ಟುವ ಆಸೆ ಇದ್ದರೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅಮೆರಿಕದಲ್ಲಾದರೆ, ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬಿಗೆ ಹೋಗಲು ಎನ್‌ಐಎಚ್ ಕೊಡುವ ಕೆ99 ಗ್ರ್ಯಾಂಟ್‌ನ ಅರ್ಜಿಗೆ ಬೆಂಬಲ ಕೊಡುತ್ತೀರಾ ಅಂತಲೂ ಕೇಳಿ. ಅದಕ್ಕೆ ಅಲ್ಲಿನ ಪೌರರೇ ಆಗಿರಬೇಕಿಲ್ಲ, ಆದರೆ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ದಾಟಿರಬಾರದು, ಹಾಗಾಗಿ ಸೇರಿದಾಗಿನಿಂದಲೇ ಯೋಚನೆ ಬೇಕು.

ಇನ್ನೊಂದು ಕೆಲಸ ತಪ್ಪದೆ ಮಾಡಿ. ಲ್ಯಾಬ್ ಬಿಟ್ಟು ಹೋದವರ ಜೊತೆ ಮಾತಾಡಿ. ಇಮೇಲ್ ಅಲ್ಲ, ಫೋನಿನಲ್ಲಿ. ಬರೆದುಕೊಡಲು ಹಿಂಜರಿಯುವುದನ್ನು ಮಾತಿನಲ್ಲಿ ಹೇಳುತ್ತಾರೆ. ನೀವೇ ಮತ್ತೊಮ್ಮೆ ಆರಿಸಬೇಕಾಗಿದ್ದರೆ ಇಲ್ಲಿಗೇ ಬರುತ್ತಿದ್ದಿರಾ ಅಂತ ಕೇಳಿ, ಉತ್ತರ ಬರುವ ಮೊದಲಿನ ಮೌನವನ್ನೂ ಕೇಳಿಸಿಕೊಳ್ಳಿ. ಈಗಿರುವವರು ಪ್ರೊಫೆಸರ್ ಇಲ್ಲದಾಗಲೂ ಅಳೆದು ತೂಗಿ ಮಾತಾಡುತ್ತಿದ್ದರೆ, ಹಳೆಯ ಪೋಸ್ಟ್‌ಡಾಕ್‌ಗಳ ಹೆಸರು ಲ್ಯಾಬಿನ ಪುಟದಲ್ಲಿ ಇಲ್ಲವೇ ಇಲ್ಲ ಅಂದರೆ, ಕಾರಣ ಹುಡುಕಿ. ಒಳ್ಳೆಯ ವಿಶ್ವವಿದ್ಯಾಲಯದ ಕೆಟ್ಟ ಲ್ಯಾಬಿಗಿಂತ ಸಾಧಾರಣ ವಿಶ್ವವಿದ್ಯಾಲಯದ ಒಳ್ಳೆಯ ಲ್ಯಾಬ್ ಮೇಲು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಪೋಸ್ಟ್‌ಡಾಕ್ ಕೊಡಿಸುತ್ತೇವೆ ಅಂತ ದುಡ್ಡು ಕೇಳುವವರು ಸಿಕ್ಕರೆ ಅಲ್ಲೇ ನಿಲ್ಲಿಸಿ. ಇದು ಸಂಬಳ ಕೊಡುವ ಕೆಲಸ, ದುಡ್ಡು ನಿಮ್ಮ ಕಡೆಗೆ ಬರಬೇಕು.

ಆಫರ್ ಬಂದ ಮೇಲೆ

ಬಾಯಿಮಾತಿಗೆ ಸಂತೋಷ ಪಡಿ, ಆದರೆ ಬರಹದಲ್ಲಿ ಬರುವವರೆಗೆ ಬೇರೆ ಅರ್ಜಿ ನಿಲ್ಲಿಸಬೇಡಿ. ಸಂಬಳ, ಅವಧಿ, ಆರೋಗ್ಯ ವಿಮೆ, ರಜೆ, ಬರುವ ಖರ್ಚು, ಸೇರುವ ದಿನ ಎಲ್ಲ ಪತ್ರದಲ್ಲಿ ಇರಲಿ. ನೀವು ನೌಕರರಾ ಅಥವಾ ಸ್ಟೈಪೆಂಡ್ ಪಡೆಯುವ ಫೆಲೋನಾ ಅಂತ ಕೇಳಿ. ಹೊರಗಿನಿಂದ ಎರಡೂ ಒಂದೇ ಥರ ಕಂಡರೂ ತೆರಿಗೆ, ಪಿಂಚಣಿ, ವಿಮೆ, ಹೆರಿಗೆ ರಜೆಯಲ್ಲಿ ದೊಡ್ಡ ವ್ಯತ್ಯಾಸ ಇರಬಹುದು. ಸಂಬಳದ ಶ್ರೇಣಿ ಎಷ್ಟೋ ಕಡೆ ನಿಗದಿಯಾಗಿರುತ್ತದೆ, ಆದರೆ ಸೇರುವ ದಿನ, ಬರುವ ಖರ್ಚು, ಕಾನ್ಫರೆನ್ಸ್ ದುಡ್ಡು ಇವುಗಳ ಬಗ್ಗೆ ಮಾತಾಡಲು ಜಾಗ ಇರುತ್ತದೆ. ಕೇಳಿದ್ದಕ್ಕೆ ಸಾಮಾನ್ಯವಾಗಿ ಯಾರೂ ಆಫರ್ ವಾಪಸ್ ತೆಗೆದುಕೊಳ್ಳುವುದಿಲ್ಲ, ಮರ್ಯಾದೆಯಿಂದ ಕೇಳಿದರೆ ಸಾಕು.

ಬೇರೆ ದೇಶ ಆದರೆ ವೀಸಾ ನಿಯಮ ಮುಂದಿನ ಐದು ವರ್ಷದ ಲೆಕ್ಕವನ್ನೇ ಬದಲಿಸಬಹುದು. ಅಮೆರಿಕದ ಜೆ-1 ರಿಸರ್ಚ್ ಸ್ಕಾಲರ್ ವೀಸಾ ಗರಿಷ್ಠ ಐದು ವರ್ಷ, ಮುಗಿಸಿ ಹೊರಟ ಮೇಲೆ ಅದೇ ವರ್ಗದಲ್ಲಿ 24 ತಿಂಗಳು ಮತ್ತೆ ಬರುವಂತಿಲ್ಲ. ಕೆಲವರಿಗೆ ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕು ಅನ್ನುವ ಷರತ್ತೂ ಬೀಳುತ್ತದೆ, ಅದು ನಿಮಗೆ ಅನ್ವಯ ಆಗುತ್ತದಾ ಅಂತ ಸಹಿ ಹಾಕುವ ಮೊದಲೇ ಅಂತರರಾಷ್ಟ್ರೀಯ ಕಚೇರಿಯನ್ನು ಕೇಳಿ. ಜರ್ಮನಿಯಲ್ಲಿ ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ವಿಶ್ವವಿದ್ಯಾಲಯ ಒಪ್ಪಂದಗಳಿಗೆ ಸಾಮಾನ್ಯವಾಗಿ ಆರು ವರ್ಷದ ಮಿತಿ ಇದೆ. ಬ್ರಿಟನ್ನಿನಲ್ಲಿ ಕೆಲವು ವಿಷಯಗಳಿಗೆ, ಕೆಲವು ದೇಶಗಳವರಿಗೆ ವೀಸಾಗೆ ಮೊದಲೇ ಎಟಿಎಎಸ್ ಪ್ರಮಾಣಪತ್ರ, ಅಂದರೆ ಸೂಕ್ಷ್ಮ ವಿಷಯದಲ್ಲಿ ಸಂಶೋಧನೆ ಮಾಡಲು ಅಲ್ಲಿನ ಸರ್ಕಾರದ ಅನುಮತಿ, ಬೇಕು, ಅದಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಪಿಎಚ್‌ಡಿ ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿಲ್ಲದಿದ್ದರೆ, ಎಲ್ಲ ಮುಗಿಸಿದ್ದಾರೆ ಅಂತ ವಿಶ್ವವಿದ್ಯಾಲಯ ಕೊಡುವ ಪತ್ರ ಸಾಕಾ ಅಂತ ಈಗಲೇ ವಿಚಾರಿಸಿ. ಸಂಗಾತಿ ಜೊತೆ ಬರುವುದಾದರೆ ಅವರಿಗೆ ಕೆಲಸ ಮಾಡುವ ಅನುಮತಿ ಸಿಗುತ್ತದಾ ಅನ್ನುವುದೂ ಅಷ್ಟೇ ದೊಡ್ಡ ವಿಷಯ, ಅದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಸಹಿ ಹಾಕಿದ ದಿನ ಎರಡು ಕೆಲಸ ಮಾಡಿ. ಇನ್ನೂ ತೀರ್ಮಾನ ಆಗದ ಎಲ್ಲ ಕಡೆಗೂ ಬರೆದು ಅರ್ಜಿ ವಾಪಸ್ ತೆಗೆದುಕೊಳ್ಳಿ, ಅಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ ದಾರಿ ಬಿಡುತ್ತದೆ. ಶಿಫಾರಸು ಪತ್ರ ಬರೆದ ಮೂವರಿಗೂ ಎಲ್ಲಿ ಸಿಕ್ಕಿತು ಅಂತ ತಿಳಿಸಿ. ನಿಮ್ಮ ಇಮೇಲ್‌ಗೆ ಜಾಗ ಇಲ್ಲ ಅಂತ ಪ್ರೀತಿಯಿಂದ ಉತ್ತರ ಬರೆದವರಿಗೂ ಒಂದು ಸಾಲು ಹಾಕಿ, ಎರಡು ವರ್ಷ ಕಳೆದ ಮೇಲೆ ನೀವು ಅವರನ್ನೇ ಯಾವುದೋ ಕಾನ್ಫರೆನ್ಸಿನಲ್ಲಿ ಭೇಟಿಯಾಗುತ್ತೀರಿ.